ನೋಡುವ ಕಣ್ಣಿಗೆ ಕಾಲೂ ಬೇಕು: ನಾಟಕ, ಸಿನಿಮಾ, ಓದು, ನೃತ್ಯವನ್ನು ಒಟ್ಟಿಗೆ ಕಟ್ಟಿಕೊಳ್ಳುವ ಮಾರ್ಗದರ್ಶಿ

ನಾನು ಭರತನಾಟ್ಯದ ಕ್ಲಾಸಿಗೆ ಸೇರಿದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಹದಿನೈದು ವರ್ಷಗಳಿಂದ ನಾಟಕ ನೋಡುತ್ತಿದ್ದೆ, ವಾರಕ್ಕೊಂದಾದರೂ ಸಿನಿಮಾ ನೋಡುತ್ತಿದ್ದೆ, ಬ್ಯಾಗಿನಲ್ಲಿ ಸದಾ ಒಂದು ಪುಸ್ತಕ ಇರುತ್ತಿತ್ತು. ಕ್ಲಾಸಿಗೆ ಸೇರಿ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನಾಟಕಕ್ಕೆ ಹೋದೆ. ಮುದುಕಿಯ ಪಾತ್ರ ಮಾಡಿದ್ದ ಹುಡುಗಿ ರಂಗದ ಮೇಲೆ ಬಂದಾಗ ನನ್ನ ಕಣ್ಣು ತಾನಾಗಿಯೇ ಅವಳ ಪಾದಕ್ಕೆ ಹೋಯಿತು. ಅವಳು ಹಿಮ್ಮಡಿಯನ್ನು ಪೂರ್ತಿ ಊರುತ್ತಿರಲಿಲ್ಲ, ಬಲಗಾಲಿನ ಭಾರವನ್ನು ಪಾದದ ಹೊರ ಅಂಚಿಗೆ ತಳ್ಳಿ ನಡೆಯುತ್ತಿದ್ದಳು. ಬೆನ್ನು ಬಗ್ಗಿಸಿರಲಿಲ್ಲ, ಕೂದಲಿಗೆ ಬಿಳಿ ಬಳಿದಿರಲಿಲ್ಲ. ಇಡೀ ಮುಪ್ಪು ಆ ಪಾದದಲ್ಲಿತ್ತು. ಅಲ್ಲಿಯವರೆಗೆ ನಾಟಕದಲ್ಲಿ ನಾನು ಮುಖ ನೋಡಿದ್ದೆ, ಮಾತು ಕೇಳಿದ್ದೆ, ಅಷ್ಟೆ.

ಈ ಬರಹ ಹುಟ್ಟಿದ್ದು ಆ ಸಂಜೆಯಿಂದ. ದಿನವಿಡೀ ದುಡಿದು ಮನೆಗೆ ಬರುವವರು ಈ ನಾಲ್ಕನ್ನೂ ಬದುಕಿನೊಳಗೆ ತಂದುಕೊಳ್ಳುವುದು ಹೇಗೆ ಎಂದು ಗೆಳತಿಯರು ಕೇಳುತ್ತಲೇ ಇರುತ್ತಾರೆ. ನನಗೆ ತಿಳಿದಿರುವುದು ಒಂದೇ ಮಾತು: ನಾಲ್ಕರಲ್ಲಿ ಒಂದನ್ನಾದರೂ ನಿಮ್ಮ ಮೈಯಿಂದಲೇ ಮಾಡಿ. ಉಳಿದ ಮೂರನ್ನು ನೋಡುವ, ಓದುವ ರೀತಿ ಅದರಿಂದ ಬದಲಾಗುತ್ತದೆ. ನಾನು ಬೆಂಗಳೂರಿನವಳು, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಇಲ್ಲಿನವೇ. ಬೇರೆ ಊರಿನವರು ತಮ್ಮೂರಿನ ರಂಗಮಂದಿರದ ಹೆಸರು ಸೇರಿಸಿಕೊಂಡು ಓದಲಿ.

ಹಂತ 1: ವಾರದಲ್ಲಿ ಒಂದು ಸಂಜೆ ಎತ್ತಿಡಿ

ಬಿಡುವು ಸಿಕ್ಕಾಗ ನೋಡೋಣ ಎಂದುಕೊಂಡರೆ ಬಿಡುವು ಸಿಗುವುದಿಲ್ಲ. ಮನೆಯವರಿಗೆಲ್ಲ ಗೊತ್ತಿರುವ ಹಾಗೆ ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ನನ್ನದು ಗುರುವಾರ. ಆ ದಿನ ಬೆಳಗ್ಗೆಯೇ ಸಾರು ಮಾಡಿಟ್ಟು ಹೋಗುತ್ತೇನೆ, ರಾತ್ರಿ ಅನ್ನಕ್ಕಿಡುವುದು ಮಗನ ಕೆಲಸ. ಇಷ್ಟು ಮಾಡಿಕೊಂಡರೆ ಈ ಹಂತ ಮುಗಿಯಿತು.

ಹಂತ 2: ನಾಟಕದಿಂದ ಶುರುಮಾಡಿ

ಸಿನಿಮಾ, ಪುಸ್ತಕ ಮನೆಯಲ್ಲೇ ಸಿಗುತ್ತವೆ, ನಾಳೆಗೂ ಕಾಯುತ್ತವೆ. ನಾಟಕ ಕಾಯುವುದಿಲ್ಲ, ಆದ್ದರಿಂದ ಅಭ್ಯಾಸ ಕೂರುವುದಕ್ಕೆ ಅದೇ ಒಳ್ಳೆಯದು. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ಹೆಚ್ಚುಕಡಿಮೆ ದಿನಕ್ಕೊಂದು ನಾಟಕ ನಡೆಯುತ್ತಿದೆ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಗಡಿಗರು ಕಟ್ಟಿದ ರಂಗಮಂದಿರ ಅದು. ಸಮಯಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ನನಗೆ ಬಹಳ ಇಷ್ಟ. ಏಳೂವರೆಯ ನಾಟಕಕ್ಕೆ ಏಳಕ್ಕೇ ಅಲ್ಲಿರಬೇಕು ಎಂದು ಲೆಕ್ಕ ಹಾಕಿ ಹೊರಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಕೆಳಗೆ ಕೂತು ಏನಾದರೂ ತಿಂದು, ಕಾಫಿ ಕುಡಿದು, ಫೋನು ಆಫ್ ಮಾಡುವಷ್ಟರಲ್ಲಿ ಆಫೀಸು ತಲೆಯಿಂದ ಇಳಿದಿರುತ್ತದೆ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹದ ಬೇರೆ. 1963ರಲ್ಲಿ ಆರಂಭವಾದ ಆ ದೊಡ್ಡ ಸಭಾಂಗಣದಲ್ಲಿ ನಟರ ದನಿ ಕೊನೆಯ ಸಾಲಿಗೆ ಮುಟ್ಟಬೇಕು, ಅಭಿನಯವೂ ಆ ಅಳತೆಗೆ ಹಿಗ್ಗಬೇಕು. ಅದರ ಹಿಂದಿರುವ ಸಂಸ ಬಯಲು ರಂಗಮಂದಿರದಲ್ಲಿ ಆಕಾಶವೇ ಚಾವಣಿ. ಹನುಮಂತನಗರದ ಕೆ.ಎಚ್. ಕಲಾಸೌಧ ಚಿಕ್ಕದು. ಮೊದಲ ಮೂರು ತಿಂಗಳಲ್ಲಿ ಹೀಗೆ ಬೇರೆ ಬೇರೆ ಅಳತೆಯ ರಂಗಗಳಲ್ಲಿ ಒಂದೊಂದು ನಾಟಕ ನೋಡಿ. ಜಾಗ ಬದಲಾದರೆ ಅಭಿನಯ ಎಷ್ಟು ಬದಲಾಗುತ್ತದೆ ಎನ್ನುವುದು ನೋಡಿಯೇ ತಿಳಿಯಬೇಕು.

ಎಲ್ಲಿ ಕೂರಬೇಕು? ಹೊಸದಾಗಿ ನೋಡುವವರು ಮೊದಲ ಸಾಲಿಗೆ ಹೋಗಬೇಡಿ. ನಾಲ್ಕನೆಯದೋ ಐದನೆಯದೋ ಸಾಲಿನಲ್ಲಿ ಕೂತರೆ ಪಾದವೂ ಕಾಣುತ್ತದೆ, ಪೂರ್ತಿ ರಂಗವೂ ಕಾಣುತ್ತದೆ. ನಾಟಕ ನಡೆಯುವಾಗ ಒಂದು ಕೆಲಸ ಮಾಡಿ: ಮಾತಾಡುತ್ತಿರುವವರನ್ನು ಬಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ. ಒಳ್ಳೆಯ ನಟ ಸುಮ್ಮನೆ ನಿಂತಾಗಲೂ ಅವನ ಕುತ್ತಿಗೆ, ಬೆರಳು, ಉಸಿರು ಕೆಲಸ ಮಾಡುತ್ತಿರುತ್ತವೆ. ಹವ್ಯಾಸಿ ತಂಡಗಳಲ್ಲಿ ಇಂಥ ಒಬ್ಬರು ಸಿಕ್ಕರೆ ನನಗೆ ಆ ವಾರವೆಲ್ಲ ಸಂತೋಷ.

ಮುಂಚೆಯೇ ನಾಟಕ ಓದಿಕೊಂಡು ಹೋಗಬೇಕೇ ಎಂದರೆ, ಬೇಡ ಎನ್ನುತ್ತೇನೆ. ನೋಡಿದ ಮೇಲೆ ಓದಿ, ಆಮೇಲೆ ಅದೇ ನಾಟಕವನ್ನು ಇನ್ನೊಂದು ತಂಡದಿಂದ ನೋಡಿ. ಅಷ್ಟರಲ್ಲಿ ನಿಮ್ಮ ಮನಸ್ಸಿನೊಳಗೂ ಒಂದು ಪ್ರಯೋಗ ಸಿದ್ಧವಾಗಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಹಂತ 3: ಮೈಯನ್ನು ಕೆಲಸಕ್ಕೆ ಹಚ್ಚಿ

ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಹಿಂದೆ ಸರಿಯುವುದು ಇಲ್ಲೇ. ಈ ವಯಸ್ಸಿನಲ್ಲಿ ನೃತ್ಯವೇ, ನೋಡಿದವರು ಏನೆಂದಾರು ಎಂಬ ಅಳುಕು. ಮೈಸೂರು ಶೈಲಿಯ ಭರತನಾಟ್ಯದ ಚರಿತ್ರೆಯನ್ನು ಒಮ್ಮೆ ತೆಗೆದು ನೋಡಿ. ಅರಮನೆಯ ಕಲಾವಿದೆ ಜಟ್ಟಿ ತಾಯಮ್ಮನವರು ಹುಟ್ಟಿದ್ದು 1857ರಲ್ಲಿ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಕಡೂರು ಕಡೆಯ ತಾಂಡ್ಯದಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ತಾಯಮ್ಮನವರ ಬಳಿ ಕಲಿಯಲು ಸೇರಿದವರು, 1992ರಲ್ಲಿ ಪದ್ಮಭೂಷಣ ಪಡೆದವರು. ಈ ಪರಂಪರೆಯ ಜೀವಾಳ ಅಭಿನಯ. ಕುಳಿತಲ್ಲೇ, ಮುಖ ಮತ್ತು ಕೈಗಳಿಂದಲೇ ಒಂದು ಸಾಲನ್ನು ಹತ್ತಾರು ಬಗೆಯಲ್ಲಿ ಅರಳಿಸುವ ಕಲೆ ಅದು. ಅದಕ್ಕೆ ವಯಸ್ಸು ಕೂಡಿಬರುತ್ತದೆ, ಅಡ್ಡಿಯಾಗುವುದಿಲ್ಲ.

ಕ್ಲಾಸು ಹುಡುಕುವಾಗ ಮೊದಲು ನೆಲ ನೋಡಿ. ನಾನು ಮೊದಲು ಸೇರಿದ ಕಡೆ ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಸಿದ ನೆಲವಿತ್ತು. ಮೈ ಬಿಸಿಮಾಡಿಕೊಳ್ಳಲು ಬಿಡದೆ ನೇರ ಅಡವುಗಳಿಗೆ, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳಿಗೆ, ಇಳಿಸುತ್ತಿದ್ದರು. ಎರಡೇ ತಿಂಗಳಿಗೆ ಬಲ ಮೊಣಕಾಲು ಊದಿಕೊಂಡಿತು, ಆರು ವಾರ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಮರದ ಹಲಗೆಯ ನೆಲ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಇಲ್ಲವಾದರೆ ಕಾಲು ಕುಟ್ಟುವ ಜೋರು ಕಡಿಮೆ ಮಾಡಿಸುವ ಗುರುಗಳಾದರೂ ಬೇಕು. ಸೇರುವ ಮುಂಚೆ ಒಂದು ಕ್ಲಾಸು ಕೂತು ನೋಡುತ್ತೇನೆ ಎಂದು ಕೇಳಿ. ದೊಡ್ಡವರ ತಪ್ಪನ್ನು ಅವರು ಹೇಗೆ ತಿದ್ದುತ್ತಾರೆ, ಮಕ್ಕಳ ಜೊತೆ ನಿಲ್ಲಿಸಿ ಹೋಲಿಸುತ್ತಾರೋ ಹೇಗೆ, ಗಮನಿಸಿ. ಬಟ್ಟೆಗೆ ಹತ್ತಿಯ ಚೂಡಿದಾರ್ ಸಾಕು, ದುಪಟ್ಟಾವನ್ನು ಅಡ್ಡಹಾಕಿ ಸೊಂಟಕ್ಕೆ ಬಿಗಿದುಕೊಳ್ಳಿ. ಗೆಜ್ಜೆ ಕೊಳ್ಳುವ ಅವಸರ ಬೇಡ, ಅದಕ್ಕೆ ಗುರುಗಳು ಹೇಳುವ ಹೊತ್ತೊಂದಿದೆ.

ಮನೆಯ ಅಭ್ಯಾಸ ದಿನಕ್ಕೆ ಇಪ್ಪತ್ತು ನಿಮಿಷ ಇದ್ದರೆ ಸಾಕು, ಆದರೆ ಕ್ರಮ ತಪ್ಪಿಸಬಾರದು. ಮೊದಲು ಐದು ನಿಮಿಷ ಪಾದದ ಕೀಲು, ಮೀನಖಂಡ, ಸೊಂಟ ಸಡಿಲಿಸಿ. ಆಮೇಲೆ ನಮಸ್ಕಾರ. ಆಮೇಲೆ ಅರೆಮಂಡಿ, ಅಂದರೆ ಮಂಡಿಗಳನ್ನು ಹೊರಕ್ಕೆ ಮಡಚಿ ಅರ್ಧ ಕೂರುವ ಭಂಗಿ. ಅರೆಮಂಡಿಯಲ್ಲಿ ಎಲ್ಲರೂ ಮಾಡುವ ತಪ್ಪು, ಬರೀ ಪಾದವನ್ನು ಹೊರಕ್ಕೆ ತಿರುಗಿಸಿ ಮಂಡಿಯನ್ನು ಮುಂದಕ್ಕೇ ಬಿಡುವುದು. ತಿರುವು ಸೊಂಟದ ಕೀಲಿನಿಂದ ಬರಬೇಕು, ಮಂಡಿ ಕಾಲ್ಬೆರಳು ಹೋದ ದಿಕ್ಕಿಗೇ ಹೋಗಬೇಕು. ನಿಮ್ಮ ಸೊಂಟ ಎಷ್ಟು ತೆರೆಯುತ್ತದೋ ಅಷ್ಟೇ ಪಾದ ತಿರುಗಿಸಿ. ಕೂತ ಆಳಕ್ಕಿಂತ ಬೆನ್ನಿನ ನೇರ ಮುಖ್ಯ. ಗೋಡೆಗೆ ಬೆನ್ನು ತಾಗಿಸಿ ಕೂತು ನೋಡಿದರೆ ಎಲ್ಲಿ ಬಾಗುತ್ತಿದ್ದೀರಿ ಎಂದು ತಕ್ಷಣ ತಿಳಿಯುತ್ತದೆ. ಮೊಣಕಾಲಿನೊಳಗೆ ಚುಚ್ಚಿದ ಹಾಗಾದರೆ ಅಲ್ಲಿಗೇ ನಿಲ್ಲಿಸಿ. ಊತ ಬಂದರೆ ವೈದ್ಯರಿಗೆ ತೋರಿಸುವವರೆಗೆ ಕುಣಿಯಬೇಡಿ.

ಪಾದ ತಟ್ಟುವ ಅಡವಾದ ತಟ್ಟಡವಿನಲ್ಲಿ ಪೂರ್ತಿ ಅಂಗಾಲು ಒಟ್ಟಿಗೆ ನೆಲಕ್ಕೆ ಬೀಳಬೇಕು. ಸರಿಯಾಗಿ ಬಿದ್ದ ಪಾದದ ಸದ್ದು ಚಪ್ಪಾಳೆಯ ಹಾಗೆ ಇರುತ್ತದೆ, ಹಿಮ್ಮಡಿ ಮೊದಲು ಬಿದ್ದರೆ ಒನಕೆ ಕುಟ್ಟಿದ ಹಾಗೆ ಕೇಳುತ್ತದೆ. ಈ ವ್ಯತ್ಯಾಸ ಕಿವಿಗೆ ಹತ್ತಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ ಮಾಡಬೇಕು: ಮೊದಲನೆಯದರಲ್ಲಿ ತಪ್ಪು ಕಾಣುತ್ತದೆ, ಎರಡನೆಯದರಲ್ಲಿ ಆನಂದ ಸಿಗುತ್ತದೆ, ಮೂರನೆಯದರಲ್ಲಿ ಉಸಿರು ಹೋಗುತ್ತದೆ. ‘ಮೊಣಕೈ ಬೀಳ್ತಿದೆ, ಎತ್ತಿ’ ಎಂದು ನಮ್ಮ ಟೀಚರ್ ಗಂಟೆಗೆ ಇಪ್ಪತ್ತು ಸಲ ಹೇಳುತ್ತಾರೆ. ಈಗ ಪಾತ್ರೆ ತೊಳೆಯುವಾಗಲೂ ನನ್ನ ಮೊಣಕೈ ತಾನಾಗಿ ಮೇಲೇಳುತ್ತದೆ.

ಇನ್ನು ಅಭಿನಯ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಹೇಳಿದ ಮಾತನ್ನು ಎಲ್ಲ ಕ್ಲಾಸಿನಲ್ಲೂ ಬಾಯಿಪಾಠ ಮಾಡಿಸುತ್ತಾರೆ: ಕೈ ಹೋದತ್ತ ದೃಷ್ಟಿ, ದೃಷ್ಟಿ ಹೋದತ್ತ ಮನಸ್ಸು, ಮನಸ್ಸು ಹೋದತ್ತ ಭಾವ, ಭಾವ ಇರುವಲ್ಲಿ ರಸ. ಬಾಯಿಪಾಠ ಮಾಡಿದ ಎಷ್ಟೋ ದಿನದ ಮೇಲೆ ಒಂದು ಶನಿವಾರ ಟೀಚರ್ ನಮ್ಮನ್ನು ನೆಲದ ಮೇಲೆ ಕೂರಿಸಿ, ‘ಬಾ’ ಅನ್ನಿ ಅಂದರು. ಕೈಯಿಂದ, ಮಾತಿಲ್ಲದೆ. ಎಲ್ಲರೂ ಬೆರಳು ಮಡಚಿ ಕರೆದೆವು. ‘ಯಾರನ್ನ ಕರೀತಿದ್ದೀರಿ? ಮಣ್ಣು ತಿಂತಿರೋ ಮಗೂನ? ಬಾಗಿಲಲ್ಲಿ ನಿಂತ ಅತ್ತಿಗೇನ? ಬರಲಾರರು ಅಂತ ಗೊತ್ತಿರೋರನ್ನ?’ ಎಂದು ಕೇಳಿದರು. ಮಗುವನ್ನು ಕರೆಯುವಾಗ ಬೆನ್ನು ಬಗ್ಗಿತು, ಅತ್ತಿಗೆಗೆ ಅಂಗೈ ಮೇಲಾಯಿತು. ಬರಲಾರದವರನ್ನು ಕರೆಯುವಾಗ ನನ್ನ ಕೈ ಅರ್ಧಕ್ಕೇ ನಿಂತುಹೋಯಿತು. ತೀರಿಕೊಂಡ ನಮ್ಮಪ್ಪನ ಮುಖ ಕಣ್ಣ ಮುಂದೆ ಬಂದಿತ್ತು. ‘ಅಲ್ಲೇ ಇಟ್ಕೊಳ್ಳಿ ಕೈನ’ ಅಂದರು ಟೀಚರ್. ಆ ಅರ್ಧ ಕೈಯನ್ನು ಈಗ ರಂಗದ ಮೇಲೆ, ಪರದೆಯ ಮೇಲೆ ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಕಟ್ಟಬೇಕೆನ್ನಿಸಿದರೆ ಕಟ್ಟಿ, ಓದಲು ಒಂದು ನೆಪವಾಗುತ್ತದೆ. ರಂಗಪ್ರವೇಶವನ್ನು, ಅಂದರೆ ಒಬ್ಬರೇ ರಂಗವೇರುವ ಮೊದಲ ಪೂರ್ಣ ಪ್ರದರ್ಶನವನ್ನು, ಗುರಿಯಾಗಿ ಇಟ್ಟುಕೊಳ್ಳಬೇಡಿ. ಸಭಾಂಗಣ, ಪಕ್ಕವಾದ್ಯ, ಒಡವೆ, ಊಟ ಎಂದು ಅದರ ಖರ್ಚು ಮದುವೆಯಷ್ಟಾಗುತ್ತದೆ. ಹವ್ಯಾಸಕ್ಕೆ ಅದರ ಅಗತ್ಯ ನನಗೆ ಕಂಡಿಲ್ಲ.

ಹಂತ 4: ಕಾಲಿನಿಂದ ಓದಿ

ತಟ್ಟುಮೆಟ್ಟು ಅಡವಿನಲ್ಲಿ ತಾಳದ ಐದು ಜಾತಿಗಳನ್ನು, ಅಂದರೆ ಐದು ಬಗೆಯ ಎಣಿಕೆಗಳನ್ನು, ಕಾಲಿನಲ್ಲಿ ಹಿಡಿಸುತ್ತಾರೆ. ತಿಶ್ರಕ್ಕೆ ತಕಿಟ, ಚತುರಶ್ರಕ್ಕೆ ತಕಧಿಮಿ, ಖಂಡಕ್ಕೆ ತಕ ತಕಿಟ, ಮಿಶ್ರಕ್ಕೆ ತಕಿಟ ತಕಧಿಮಿ, ಸಂಕೀರ್ಣಕ್ಕೆ ತಕಧಿಮಿ ತಕ ತಕಿಟ. ಮೂರು, ನಾಲ್ಕು, ಐದು, ಏಳು, ಒಂಬತ್ತು. ಮಿಶ್ರ ಕಲಿಯುತ್ತಿದ್ದ ವಾರದಲ್ಲೇ ರಾತ್ರಿ ಕುಮಾರವ್ಯಾಸನನ್ನು ತೆರೆದು ಕೂತಿದ್ದೆ. ಕಾಲು ನೆಲದಲ್ಲಿ ಏಳು ಎಣಿಸುತ್ತಲೇ ಇತ್ತು. ‘ವೇದಪುರುಷನ ಸುತನ ಸುತನ ಸ’ ಎಂಬ ಸಾಲು ಬಂದಾಗ ಪಾದ ಪದ್ಯದ ಮೇಲೆ ಕೂತುಬಿಟ್ಟಿತು. ವೇದ, ಪುರುಷನ, ಸುತನ, ಸುತನ ಸ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ತಕಿಟ ತಕಧಿಮಿ, ತಕಿಟ ತಕಧಿಮಿ.

ಭಾಮಿನಿ ಷಟ್ಪದಿಯ ಲಕ್ಷಣ ಹೈಸ್ಕೂಲಿನಲ್ಲಿ ನಾವೆಲ್ಲ ಕಲಿತಿದ್ದೇವೆ, ಲಘು ಗುರು ಹಾಕಿ ಅಂಕ ತೆಗೆದಿದ್ದೇವೆ. ಆದರೆ ಅದು ಮಿಶ್ರ ನಡೆ ಎಂದು ನನಗೆ ತಿಳಿಸಿದ್ದು ನನ್ನ ಅಂಗಾಲು. ನೀವೂ ಹೀಗೆ ಮಾಡಿ: ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಬಲ ಎಡ ಬದಲಿಸುತ್ತ ಗಣಕ್ಕೊಂದು ತಟ್ಟು ಹಾಕಿ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ. ಆಮೇಲೆ ಲಕ್ಷ್ಮೀಶನ ಜೈಮಿನಿ ಭಾರತ ತೆಗೆಯಿರಿ. ಅದು ವಾರ್ಧಕ ಷಟ್ಪದಿ, ಐದು ಮಾತ್ರೆಯ ಗಣಗಳು, ಅಂದರೆ ಖಂಡ. ಭೋಗ ಷಟ್ಪದಿಯದು ಮೂರರ ನಡೆ, ಶರದ್ದು ನಾಲ್ಕರದು. ಅರ್ಥ ತಿಳಿಯದ ಪದ ಬಂದರೆ ನಿಲ್ಲಿಸಬೇಡಿ, ಪದ್ಯ ಮುಗಿದ ಮೇಲೆ ನಿಘಂಟು ನೋಡಿ. ಹಳೆಗನ್ನಡ, ನಡುಗನ್ನಡ ಕಷ್ಟ ಎಂದು ದೂರ ಇಟ್ಟವರೆಲ್ಲ ಒಮ್ಮೆ ಇದನ್ನು ಮಾಡಿ ನೋಡಲಿ ಎಂದು ನನಗೆ ಬಹಳ ಆಸೆ. ಈ ಪದ್ಯಗಳನ್ನು ಬರೆದವರು ಇವನ್ನು ಯಾರೋ ಕಣ್ಣಿನಲ್ಲಿ ಓದಿ ಮುಗಿಸುತ್ತಾರೆಂದು ಬರೆದಿರಲಾರರು. ಗಮಕಿಗಳು ಇಂದಿಗೂ ಅವನ್ನು ಹಾಡಿಯೇ ವಾಚನ ಮಾಡುತ್ತಾರೆ.

ಗದ್ಯಕ್ಕೂ ಇದು ಸಲ್ಲುತ್ತದೆ. ಕಥೆಯ ಒಂದು ಪುಟವನ್ನು ಬಾಯಿಬಿಟ್ಟು ಓದಿ, ಉಸಿರು ಎಲ್ಲಿ ಮುಗಿಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ನಾಟಕದ ಪುಸ್ತಕವಾದರೆ ಇಬ್ಬರು ಮೂವರು ಸೇರಿ ಪಾತ್ರ ಹಂಚಿಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾನು, ಮಗ, ಪಕ್ಕದ ಮನೆಯ ಸುಬ್ಬಕ್ಕ ಕೂತು ಒಂದೊಂದು ಅಂಕ ಓದುತ್ತೇವೆ. ಸುಬ್ಬಕ್ಕನಿಗೆ ಎಪ್ಪತ್ತು ದಾಟಿದೆ, ರಾಜನ ಪಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.

ಹಂತ 5: ಸಿನಿಮಾಕ್ಕೆ ತಾಳ ಹಾಕಿ

ಸಿನಿಮಾ ನೋಡುವುದನ್ನು ಯಾರೂ ಕಲಿಸಬೇಕಿಲ್ಲ ಎಂದು ನಾನೂ ನಂಬಿದ್ದೆ. ಒಂದು ಅಭ್ಯಾಸ ಹೇಳುತ್ತೇನೆ. ನೀವು ಈಗಾಗಲೇ ನೋಡಿರುವ, ಇಷ್ಟವಾದ ಚಿತ್ರದಲ್ಲಿ ಐದು ನಿಮಿಷದ ಒಂದು ದೃಶ್ಯ ಆರಿಸಿ. ತೊಡೆಯ ಮೇಲೆ ಮೆಲ್ಲಗೆ ಆದಿತಾಳ ಹಾಕುತ್ತ ನೋಡಿ, ಎಂಟು ಎಣಿಕೆಗೆ ಒಂದು ಆವರ್ತ. ಒಂದು ಶಾಟ್ ಕತ್ತರಿಸುವ ಮೊದಲು ಎಷ್ಟು ಆವರ್ತ ಆಯಿತು ಎಂದು ಬರೆದುಕೊಳ್ಳಿ. ಕೆಲವು ನಿರ್ದೇಶಕರು ಅರ್ಧ ಆವರ್ತಕ್ಕೇ ಕತ್ತರಿಸುತ್ತಾರೆ, ಕೆಲವರು ಐದಾರು ಆವರ್ತದವರೆಗೆ ಕ್ಯಾಮೆರಾ ಅಲುಗಿಸುವುದಿಲ್ಲ. ಈ ಎಣಿಕೆ ಶುರುಮಾಡಿದ ಮೇಲೆ, ಬೇಸರ ತರಿಸುತ್ತದೆ ಎಂದು ನಾನು ಬಿಟ್ಟಿದ್ದ ನಿಧಾನದ ಚಿತ್ರಗಳು ಮತ್ತೆ ನನ್ನವಾದವು. ಅವು ವಿಳಂಬದಲ್ಲಿ, ಅಂದರೆ ನಿಧಾನದ ಲಯದಲ್ಲಿವೆ, ನಾನು ದ್ರುತದಲ್ಲಿ, ವೇಗದ ಲಯದಲ್ಲಿ ಕಾಯುತ್ತ ಕೂತಿದ್ದೆ. ಅದೇ ದೃಶ್ಯವನ್ನು ಎರಡನೇ ಸಲ ದನಿ ಮುಚ್ಚಿ ನೋಡಿ, ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ.

ಕಥೆಯಿಂದ ಚಿತ್ರಕ್ಕೆ ಹೋಗುವ ದಾರಿಯನ್ನೂ ಒಮ್ಮೆ ನಡೆದು ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ ತಬರನ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಕಥೆಯನ್ನು ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಗಿರೀಶ್ ಕಾಸರವಳ್ಳಿಯವರು ಅದನ್ನು ಆಧರಿಸಿ ಮಾಡಿದ ಚಿತ್ರ 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಓದಿದ ಮಾರನೇ ದಿನ ಚಿತ್ರ ನೋಡಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಚಾರುಹಾಸನ್ ನಡೆಯುವುದನ್ನು ಮಾತ್ರ ಗಮನಿಸಿ. ಓದುವಾಗ ನಿಮ್ಮ ಮನಸ್ಸಿನ ತಬರ ಹೇಗೆ ನಡೆದಿದ್ದ? ಅವನ ಚಪ್ಪಲಿ ಸದ್ದು ಮಾಡಿತ್ತೇ?

ಬನಶಂಕರಿಯಲ್ಲಿರುವ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ನಡೆದುಬಂದಿದೆ. ಗುಂಪಿನಲ್ಲಿ ನೋಡಿ ಮಾತಾಡುವ ಇಂಥ ಜಾಗವೊಂದು ನಿಮ್ಮೂರಿನಲ್ಲಿದ್ದರೆ ಸದಸ್ಯರಾಗಿ. ಇಲ್ಲವೆಂದರೆ ನಾಲ್ಕು ಜನ ಸೇರಿ, ಒಂದು ಟಿ.ವಿ. ಸಾಕು.

ಹಂತ 6: ಒಂದೇ ಕೃತಿಯೊಳಗೆ ವರ್ಷವಿಡೀ ಇದ್ದುಬಿಡಿ

ವರ್ಷಕ್ಕೆ ಇಷ್ಟು ಪುಸ್ತಕ, ಇಷ್ಟು ಚಿತ್ರ ಎಂದು ಲೆಕ್ಕ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಅದರ ಬದಲು ವರ್ಷಕ್ಕೊಂದು ದೊಡ್ಡ ಕೃತಿ ಹಿಡಿದು, ಅದನ್ನು ಎಷ್ಟು ರೂಪದಲ್ಲಿ ಸಿಕ್ಕರೆ ಅಷ್ಟರಲ್ಲಿ ಅನುಭವಿಸುತ್ತೇನೆ. ನನಗೆ ಈ ರುಚಿ ಹತ್ತಿಸಿದ್ದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. 1967ರಲ್ಲಿ ಬಂದ ಆ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗಕ್ಕೆ ಅಳವಡಿಸಿ, ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲು ಆಡಿದ್ದು, ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಒಂಬತ್ತು ಗಂಟೆಯ ನಾಟಕ, ರಾತ್ರಿ ಶುರುವಾಗಿ ಬೆಳಗಿಗೆ ಮುಗಿಯುತ್ತದೆ. ಪ್ರೇಕ್ಷಕರೂ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು.

ಇಷ್ಟು ದೊಡ್ಡ ಕಾದಂಬರಿ ಓದುವಾಗ ಪುಸ್ತಕದ ಕೊನೆಯ ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಆಯಾ ಮನೆಯವರನ್ನು ಅದರ ಕೆಳಗೆ ಸೇರಿಸುತ್ತ ಹೋಗಿ. ಯಾರು ಯಾವ ಮನೆಯವರು ಎಂಬುದು ತಲೆಯಲ್ಲಿ ಕೂತರೆ ದಾರಿ ತಪ್ಪುವುದಿಲ್ಲ. ಗುತ್ತಿಯೂ ‘ಹುಲಿಯ’ ಎಂಬ ಅವನ ನಾಯಿಯೂ ಕಾಡುದಾರಿಯಲ್ಲಿ ನಡೆಯುವ ಪುಟಗಳನ್ನು ನಿಧಾನವಾಗಿ ಓದಿ, ಸಾಧ್ಯವಾದರೆ ಗಟ್ಟಿಯಾಗಿ. ಮಲೆನಾಡಿನ ಆಡುಮಾತು ಬಯಲುಸೀಮೆಯವರಿಗೆ ಬಾಯಿಂದಲೇ ಒಲಿಯುವುದು.

ಇಡೀ ರಾತ್ರಿಯ ನಾಟಕವಿರಲಿ, ಕರಾವಳಿಯ ಯಕ್ಷಗಾನವಿರಲಿ, ಮಧ್ಯಾಹ್ನ ಎರಡು ಗಂಟೆ ಮಲಗಿ ಹೋಗಿ. ಶಾಲು, ಕಿವಿಗೆ ಮಫ್ಲರು, ಕೂರಲು ಮಡಚಿದ ಜಮಖಾನ, ನೀರು, ಚಪಾತಿ ಚಟ್ನಿಪುಡಿ ಇಟ್ಟುಕೊಳ್ಳಿ. ಹೊಟ್ಟೆ ತುಂಬ ಅನ್ನ ಉಂಡು ಹೋದರೆ ಹನ್ನೊಂದಕ್ಕೇ ಕಣ್ಣು ಎಳೆಯುತ್ತದೆ. ಎರಡೂವರೆ ಮೂರರ ಹೊತ್ತು ಎಲ್ಲರಿಗೂ ಕಷ್ಟ, ಆಗ ಎದ್ದು ಹಿಂದೆ ಹೋಗಿ ನಿಂತು ನೋಡಿ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿರಿ, ನಿದ್ದೆ ಹೋಗುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡಿಗೂ ಒಮ್ಮೆ ಹೋಗಿಬನ್ನಿ. 1949ರಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ನಾಟಕದ ಜೊತೆಗೆ ಸಿನಿಮಾ, ಪುಸ್ತಕ ಎಲ್ಲವನ್ನೂ ಊರಿನವರ ಮುಂದೆ ತಂದಿಟ್ಟಿತು. ಅಲ್ಲಿನ ಸಂಸ್ಕೃತಿ ಶಿಬಿರ ಮೊದಲಿಗೆ ಚಲನಚಿತ್ರ ರಸಗ್ರಹಣ ಶಿಬಿರವಾಗಿತ್ತು. ನಾಟಕ ನೋಡಿದ ಮರುದಿನ ಬೆಳಗ್ಗೆ ಅದರ ಬಗ್ಗೆ ಚರ್ಚೆ ನಡೆಯುತ್ತದೆ. ನೋಡಿದವರು ಅಡಿಕೆ ತೋಟದವರಿರಬಹುದು, ಮೇಷ್ಟ್ರಿರಬಹುದು, ಎಲ್ಲರೂ ಎದ್ದು ಕೇಳುತ್ತಾರೆ. ನೀವು ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಬರುವವರಾದರೆ ದಾರಿಯಲ್ಲಿ ಬಸ್ಸಿನ ಕಿಟಕಿಯಾಚೆ ಗುತ್ತಿಯ ಕಾಡುಗಳನ್ನೂ ನೋಡಿಕೊಂಡು ಬನ್ನಿ.

ಹಂತ 7: ಮೂರು ಸಾಲು ಬರೆದಿಡಿ

ನೋಡಿದ ರಾತ್ರಿಯೇ, ಮಲಗುವ ಮುಂಚೆ. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂದು ಬರೆಯಬೇಡಿ. ಕಂಡ ಒಂದು ವಸ್ತು, ಕೇಳಿದ ಒಂದು ಸದ್ದು, ಮೈಯಲ್ಲಿ ಆದ ಒಂದು ಬದಲಾವಣೆ, ಮೂರೇ ಸಾಲು. ಆ ಮುದುಕಿಯ ಪಾತ್ರ ನೋಡಿದ ರಾತ್ರಿ ನನ್ನ ಪುಸ್ತಕದಲ್ಲಿರುವುದು ಹೀಗೆ: ‘ಬಲಗಾಲಿನ ಹೊರ ಅಂಚು. ಹಲಗೆ ಮೇಲೆ ಸೆರಗು ಎಳೆದ ಸದ್ದು. ಮನೆಗೆ ಬರುವಾಗ ಬಸ್ಸಿನಿಂದ ನಾನೂ ಹಾಗೇ ಇಳಿದೆ.’